ಮಳೆ ಬಂದ ಮೂರನೇ ದಿನ: ಗೊಬ್ಬರದ ಹೊಲದ ಗಾಳಿ ಅಳೆದ ನನ್ನ ಅನುಭವ

ಯೂರಿಯಾ ಹಾಕಿದ ಮೆಕ್ಕೆಜೋಳದ ತಾಕುಗಳಿಂದ ಭೂಮಿಯ ಬಿಸಿ ಹೆಚ್ಚಿಸುವ ನೈಟ್ರಸ್ ಆಕ್ಸೈಡ್ ಅನಿಲ ಎಷ್ಟು ಏಳುತ್ತದೆ ಎಂದು ಎರಡು ಹಂಗಾಮು ಅಳೆದಿದ್ದೇನೆ. ಮೊದಲನೆಯದು ವ್ಯರ್ಥವಾಯಿತು. ಆದರೆ ಈ ಅನಿಲದ ಗುಣ ಏನೆಂದು ನನಗೆ ಗೊತ್ತಾದದ್ದು ಆ ಸೋಲಿನಿಂದಲೇ.

ಸಲಕರಣೆ ಸರಳ. ಮಣ್ಣಿನಲ್ಲಿ ಹೂತ ಲೋಹದ ಚೌಕಟ್ಟು, ಅದರ ಮೇಲೆ ಗಾಳಿ ಸೋರದಂತೆ ಕೂರುವ ಪೆಟ್ಟಿಗೆ, ಪೆಟ್ಟಿಗೆಯ ನೆತ್ತಿಗೆ ಒಂದು ರಬ್ಬರ್ ಬಿರಡೆ. ಮುಚ್ಚಿದ ಕೂಡಲೇ ಒಂದು ಸಿರಿಂಜ್ ಗಾಳಿ ಎಳೆಯಬೇಕು, ಆಮೇಲೆ 10, 20, 30ನೇ ನಿಮಿಷಕ್ಕೆ ಒಂದೊಂದು. ಅದನ್ನು ಶೀಶೆಗೆ ತುಂಬಿ, ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರಕ್ಕೆ ಕೊಟ್ಟರೆ ಪ್ರಮಾಣ ತಿಳಿಯುತ್ತದೆ. ನಾಲ್ಕು ಚುಕ್ಕಿಗಳನ್ನು ಸೇರಿಸುವ ಗೆರೆ ಎಷ್ಟು ಕಡಿದಾಗಿ ಏರುತ್ತದೋ ಮಣ್ಣು ಅಷ್ಟು ವೇಗವಾಗಿ ಅನಿಲ ಬಿಡುತ್ತಿದೆ ಎಂದರ್ಥ. ಚೌಕಟ್ಟನ್ನು ಮಾತ್ರ ಕನಿಷ್ಠ ಒಂದು ದಿನ ಮೊದಲೇ ಹೂತಿಡಬೇಕು. ಹೂಳುವಾಗ ಮಣ್ಣು ಕದಡಿ, ಒಳಗೆ ಸಿಕ್ಕಿಕೊಂಡಿದ್ದ ಅನಿಲ ಹೊರಬಂದು ಲೆಕ್ಕ ಕೆಡಿಸುತ್ತದೆ. ಬೆಳಗಿನ 9ರಿಂದ 11ರೊಳಗೆ ಅಳೆಯುತ್ತಿದ್ದೆ. ಮಣ್ಣಿನ ಉಷ್ಣತೆ ಆಗ ಇಡೀ ದಿನದ ಸರಾಸರಿಗೆ ಹತ್ತಿರವಿರುತ್ತದೆ.

ಮೊದಲ ಹಂಗಾಮಿನಲ್ಲಿ ಪ್ರತಿ ಸೋಮವಾರ ಅಳೆದೆ. ಕೊನೆಗೆ ನೋಡಿದರೆ ಗೊಬ್ಬರ ಹಾಕಿದ ತಾಕಿಗೂ ಹಾಕದ ತಾಕಿಗೂ ಹೆಚ್ಚಿನ ಅಂತರವೇ ಇಲ್ಲ. ಈ ಮಣ್ಣಿನಿಂದ ಅನಿಲ ಅಷ್ಟಾಗಿ ಹೋಗುವುದಿಲ್ಲ ಎಂದು ಬರೆದುಬಿಡುವವನಿದ್ದೆ. ಆಮೇಲೆ ಮಳೆಯ ದಾಖಲೆ ತೆಗೆದು ನೋಡಿದೆ. ಮೇಲುಗೊಬ್ಬರ ಕೊಟ್ಟದ್ದು ಮಂಗಳವಾರ, ಜೋರು ಮಳೆ ಬಂದದ್ದು ಬುಧವಾರ ರಾತ್ರಿ. ನಾನು ಪೆಟ್ಟಿಗೆ ಹಿಡಿದು ಹೋಗುವಷ್ಟರಲ್ಲಿ ನೀರು ಬಸಿದು ಮಣ್ಣು ಉಸಿರಾಡತೊಡಗಿತ್ತು. ಅಳೆಯಬೇಕಾದದ್ದೆಲ್ಲ ಆ ನಡುವಿನ ದಿನಗಳಲ್ಲೇ ಮೇಲೇರಿ ಹೋಗಿತ್ತು.

ಹೀಗಾಗುವುದಕ್ಕೆ ಕಾರಣ ಮಣ್ಣಿನ ಬ್ಯಾಕ್ಟೀರಿಯಾಗಳು. ಯೂರಿಯಾ ಕರಗಿ ಅಮೋನಿಯಂ ಆಗುತ್ತದೆ, ಅದನ್ನು ಒಂದು ಗುಂಪು ನೈಟ್ರೇಟ್ ಮಾಡುತ್ತದೆ. ಈ ಹಂತದಲ್ಲೇ ಸ್ವಲ್ಪ ನೈಟ್ರಸ್ ಆಕ್ಸೈಡ್ ಸೋರುತ್ತದೆ. ಮಳೆ ಬಿದ್ದು ಮಣ್ಣಿನ ರಂಧ್ರಗಳಿಗೆ ನೀರು ತುಂಬಿದರೆ ಆಮ್ಲಜನಕಕ್ಕೆ ಅಭಾವ. ಆಗ ಇನ್ನೊಂದು ಗುಂಪು ಆಮ್ಲಜನಕದ ಬದಲು ನೈಟ್ರೇಟನ್ನೇ ಬಳಸಿ ಉಸಿರಾಡುತ್ತದೆ. ಕೆಲಸ ಕೊನೆಮುಟ್ಟಿದರೆ ಸಿಗುವುದು ನಿರುಪದ್ರವಿ ಸಾರಜನಕ, ನಡುವೆ ನಿಂತರೆ ನೈಟ್ರಸ್ ಆಕ್ಸೈಡ್. ರಂಧ್ರಗಳಲ್ಲಿ ಶೇ. 60ರಿಂದ 80ರಷ್ಟು ನೀರಿರುವಾಗ ಹೀಗೆ ನಡುವೆ ನಿಲ್ಲುವುದೇ ಹೆಚ್ಚು. ಮಣ್ಣು ಪೂರ್ತಿ ಜೌಗಾದರೆ ಬಹುಪಾಲು ಸಾರಜನಕವಾಗಿಯೇ ಹೋಗುತ್ತದೆ.

ಎರಡನೇ ಹಂಗಾಮಿನಲ್ಲಿ ಗೊಬ್ಬರ ಕೊಟ್ಟ ಮೇಲೂ ಪ್ರತಿ ದೊಡ್ಡ ಮಳೆಯ ನಂತರವೂ ದಿನಾ ಹೋದೆ. ಮಳೆ ಬಂದ ಮೂರನೇ ದಿನ ಗೆರೆ ನೆಟ್ಟಗೆ ಎದ್ದಿತ್ತು. ಯಂತ್ರ ಕೆಟ್ಟಿದೆಯೇನೋ ಎಂದು ಅದೇ ಮಾದರಿಗಳನ್ನು ಮತ್ತೆ ಓಡಿಸಿದೆ. ಯಂತ್ರ ಸರಿಯಾಗಿಯೇ ಇತ್ತು. ವಾರ ಕಳೆಯುವಷ್ಟರಲ್ಲಿ ಎಲ್ಲ ತಣ್ಣಗಾಯಿತು. ಹಂಗಾಮಿನ ಒಟ್ಟು ಲೆಕ್ಕದಲ್ಲಿ ದೊಡ್ಡ ಪಾಲು ಆ ಕೆಲವೇ ದಿನಗಳದ್ದು.

ನನ್ನನ್ನು ಹೆಚ್ಚು ಕಾಡಿದ್ದು ಅತಿ ಹೆಚ್ಚು ಗೊಬ್ಬರದ ತಾಕು. ಇಳುವರಿ ಮಧ್ಯಮ ಪ್ರಮಾಣದ ತಾಕಿನಷ್ಟೇ ಬಂತು, ಅನಿಲ ಮಾತ್ರ ಗೊಬ್ಬರ ಏರಿದ ಪ್ರಮಾಣವನ್ನೂ ಮೀರಿ ಏರಿತು. ಬೆಳೆ ಹೀರಿ ಬಿಟ್ಟ ಉಳಿಕೆಯೇ ಬ್ಯಾಕ್ಟೀರಿಯಾದ ಪಾಲು.

ಹವಾಮಾನ ಬದಲಾವಣೆ ಕುರಿತ ಅಂತರ್ ಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, ಸಾಮಾನ್ಯ ಲೆಕ್ಕಕ್ಕೆ ಇಟ್ಟುಕೊಂಡಿರುವುದು ಶೇ. 1: ಹಾಕಿದ 100 ಕಿಲೊ ಸಾರಜನಕದಲ್ಲಿ 1 ಕಿಲೊ ನೈಟ್ರಸ್ ಆಕ್ಸೈಡಿನ ರೂಪದಲ್ಲಿ ಹೋಗುತ್ತದೆ. ಆಮ್ಲಜನಕದ ತೂಕವೂ ಸೇರಿ ಅದು 1.57 ಕಿಲೊ ಅನಿಲ. ನೂರು ವರ್ಷದ ಲೆಕ್ಕದಲ್ಲಿ ಇದರ ಬಿಸಿ ಹಿಡಿಯುವ ಶಕ್ತಿ ಇಂಗಾಲದ ಡೈಆಕ್ಸೈಡಿನ 273 ಪಟ್ಟು. ಅಂದರೆ ಸುಮಾರು 430 ಕಿಲೊ ಇಂಗಾಲದ ಡೈಆಕ್ಸೈಡಿಗೆ ಸಮ. ಯೂರಿಯಾ ತಯಾರಿಸುವಾಗ ಕಾರ್ಖಾನೆ ಉಗುಳುವ ಹೊಗೆ ಇದಕ್ಕೆ ಸೇರಿಲ್ಲ.

ಕೈಗಾರಿಕಾ ಯುಗಕ್ಕೆ ಮುಂಚೆ ವಾತಾವರಣದಲ್ಲಿ ಈ ಅನಿಲ ನೂರು ಕೋಟಿ ಅಣುಗಳಿಗೆ ಸುಮಾರು 270 ಇತ್ತು. 2023ರಲ್ಲಿ ಸುಮಾರು 337. ಏರಿಕೆಗೆ ಗೊಬ್ಬರವೇ ಮುಖ್ಯ ಕಾರಣವೆಂದು ತಿಳಿದ ಬಗೆ ನನಗೆ ಬಹಳ ಪ್ರಿಯ. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಕೇಪ್ ಗ್ರಿಮ್‌ನಲ್ಲಿ 1978ರಿಂದ ಗಾಳಿಯನ್ನು ತುಂಬಿಸಿ ಕಾಪಿಟ್ಟಿದ್ದಾರೆ. ಸಾರಜನಕದ ಪರಮಾಣುಗಳಲ್ಲಿ ಹಗುರದ್ದು, ಭಾರದ್ದು ಎಂದು ಎರಡು ಬಗೆ. ಗೊಬ್ಬರದಿಂದ ಸಾರಜನಕ ಧಾರಾಳವಾಗಿ ಸಿಕ್ಕಾಗ ಬ್ಯಾಕ್ಟೀರಿಯಾ ಹಗುರದ್ದನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತದೆ. ವರ್ಷ ಕಳೆದಂತೆ ಗಾಳಿಯ ನೈಟ್ರಸ್ ಆಕ್ಸೈಡಿನಲ್ಲಿ ಭಾರದ ಸಾರಜನಕ-15ರ ಪಾಲು ತಗ್ಗುತ್ತ ಬಂದಿದೆ ಎಂದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿಜ್ಞಾನಿ ಕ್ರಿಸ್ಟಿ ಬೋರಿಂಗ್ ತಂಡ 2012ರಲ್ಲಿ ತೋರಿಸಿತು. ನಾನು ಪೆಟ್ಟಿಗೆಯಲ್ಲಿ ಹಿಡಿದದ್ದೂ ಅಲ್ಲಿ ಕಾಪಿಟ್ಟದ್ದೂ ಒಂದೇ ಕೆಲಸದ ಗುರುತು. ಒಮ್ಮೆ ಮೇಲೇರಿದ್ದು ಸರಾಸರಿ ನೂರು ವರ್ಷಕ್ಕೂ ಹೆಚ್ಚು ಅಲ್ಲಿ ಉಳಿಯುತ್ತದೆ.

ಈಗ ಗೊಬ್ಬರವನ್ನು ಮೂರು ಕಂತಿನಲ್ಲಿ ಕೊಡುತ್ತೇನೆ, ಬೆಳೆಯ ಹಸಿವು ಏರುವ ಹೊತ್ತಿಗೆ ಹೆಚ್ಚಿನ ಪಾಲು. ಜೋರು ಮಳೆಯ ಮುನ್ಸೂಚನೆ ಇದ್ದರೆ ಕಾಯುತ್ತೇನೆ. ಹಾಗೆಂದು ಒಣ ಮಣ್ಣಿನ ಮೇಲೆ ಚೆಲ್ಲಿ ಬಿಡುವಂತಿಲ್ಲ, ಅಮೋನಿಯ ಹಾರಿಹೋಗುತ್ತದೆ. ಸಾಲಿನ ಪಕ್ಕ ಗೀರು ಮಾಡಿ ಹಾಕಿ ಮಣ್ಣು ಮುಚ್ಚುತ್ತೇನೆ. ಹಿಂದಿನ ಬೆಳೆ ದ್ವಿದಳ ಧಾನ್ಯವಾಗಿದ್ದರೆ ಅದು ಬಿಟ್ಟುಹೋದ ಸಾರಜನಕವನ್ನು ಲೆಕ್ಕದಿಂದ ಕಳೆಯುತ್ತೇನೆ.

ಈ ಸಲದ ಎರಡನೇ ಕಂತು ಮಣ್ಣು ಸೇರಿದೆ. ಚೌಕಟ್ಟುಗಳು ಹೊಲದಲ್ಲೇ ಇವೆ, ಶೀಶೆಗಳೂ ಸಿದ್ಧವಾಗಿವೆ. ಮಳೆ ಬಂದ ಮರುದಿನದಿಂದಲೇ ಅಳತೆ ಶುರು.