ಮಕ್ಕಳ ಅರ್ಜಿಗೆ ಕನ್ನಡದಲ್ಲೇ ಉತ್ತರ ಬಂತು

2017ರ ಮೇ ತಿಂಗಳು. ಕೇರಳದ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡುವುದರ ವಿರುದ್ಧ ಕನ್ನಡಿಗರು ಕಾಸರಗೋಡಿನ ವಿದ್ಯಾನಗರದ ಕಲೆಕ್ಟರೇಟ್ ಎದುರು ಬಿಸಿಲಿಗೆ ಕೂತಿದ್ದೆವು. ಪಕ್ಕದಲ್ಲಿದ್ದ ನಿವೃತ್ತ ಮಾಷ್ಟ್ರೊಬ್ಬರ ಚೀಲದಲ್ಲಿ 30 ವರ್ಷದ ಅರ್ಜಿಗಳ ನಕಲು, ಒಂದೊಂದಕ್ಕೂ ಸೀಲು ಬಿದ್ದ ರಶೀದಿ. “ಕೂಗಿದ್ದು ಗಾಳಿಗೆ ಹೋಗ್ತದೆ, ಇದು ಉಳೀತದೆ” ಎಂದರು. ಜೂನಿನಲ್ಲಿ ಶಾಲೆ ತೆರೆದದ್ದೇ ನನ್ನ ಎಂಟನೇ ಕ್ಲಾಸಿನ ಮಕ್ಕಳಿಂದ ಸರಕಾರಿ ಕಚೇರಿಗೆ ಕನ್ನಡದಲ್ಲಿ ಅರ್ಜಿ ಬರೆಸಲು ಹಿಡಿದೆ.

ಮೊದಲ ವರ್ಷ ಪೂರಾ ಸೋಲು. ಶಾಲೆ ದಾರಿಯ ಕಾಲುಸಂಕದ (ನಡೆದು ದಾಟುವ ಕಿರುಸೇತುವೆ) ಬಗ್ಗೆ ನಾನೇ ಬೋರ್ಡಿನಲ್ಲಿ ಒಕ್ಕಣೆ ಬರೆದೆ, 32 ಮಕ್ಕಳು ನೋಡಿ ಬರೆದರು. ರಿಜಿಸ್ಟರ್ಡ್ ಪೋಸ್ಟಿಗೆ ಸಾವಿರದ ಹತ್ತಿರ ನನ್ನ ಕೈಯಿಂದ ಹೋಯಿತು. ಒಂದಕ್ಕೂ ಉತ್ತರವಿಲ್ಲ. “ಪೋರ್ಶನ್ ಮುಗಿಸಿ ಮಾಷ್ಟ್ರೇ, ಹೋರಾಟ ಹೊರಗಿರಲಿ” ಎಂದರು ಸಹೋದ್ಯೋಗಿಗಳು. ಪೆರಡಾಲದಲ್ಲಿ ಪಾಠ ಮಾಡುತ್ತಲೇ ಕಾಸರಗೋಡಿಗಾಗಿ ದನಿ ಎತ್ತಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ನಾಡಿನಲ್ಲಿ ಆ ಮಾತು ಹೇಗೆ ಒಪ್ಪಲಿ? ಆದರೆ ಒಂದು ತಪ್ಪು ಹೊಳೆಯಿತು. ಆ 32 ಕಾಗದದಲ್ಲಿದ್ದದ್ದು ನನ್ನ ಸಿಟ್ಟು. ಮಕ್ಕಳದ್ದು ಒಂದು ಸಾಲೂ ಇರಲಿಲ್ಲ.

ಮರುವರ್ಷ ಅವರವರ ವಿಷಯ ಅವರವರೇ ಬರೆಯಲಿ ಎಂದೆ. ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಕ್ಲಾಸಿನಲ್ಲಿ ಬಾಯಿಯೇ ಬಿಡದ ಹುಡುಗಿಯೊಬ್ಬಳು ಅದೇ ಸಂಕ ಆರಿಸಿಕೊಂಡಳು. “12 ಅಡಿಕೆ ಸಲಾಕೆಯಲ್ಲಿ 5 ಉಳಿದಿದೆ. ತಮ್ಮನ ಚೀಲವೂ ನನ್ನ ತಲೆ ಮೇಲೆ ಇರುತ್ತದೆ.” ಕಾಗುಣಿತ ಬಿಟ್ಟರೆ ನಾನು ಏನೂ ಮುಟ್ಟಲಿಲ್ಲ. ತಾಯಿಯ ಜೊತೆ ಕಚೇರಿಗೆ ಹೋಗಿ ಕೊಟ್ಟಳು. ಮಲಯಾಳದಲ್ಲಿ ಬರೆದು ತಾ ಎಂದರಂತೆ ಅಲ್ಲಿನವರು. ಇವಳು ರಶೀದಿ ಕೇಳಿ ನಿಂತಳು, ಸಿಗುವ ತನಕ ಕದಲಲಿಲ್ಲ.

ಉತ್ತರ ಮಲಯಾಳದಲ್ಲಿ ಬಂತು. ಕನ್ನಡದಲ್ಲಿ ಬೇಕೆಂದು ಎರಡನೇ ಅರ್ಜಿ. ಅದರ ಮೊದಲ ವಾಕ್ಯದಲ್ಲಿ ಒಂದು ಉಪಾಯವಿದೆ, ಅದನ್ನು ಇಲ್ಲಿ ಬಿಡಿಸುವುದಿಲ್ಲ. ಮೂರನೆಯದು ತಾಯಿಯ ಹೆಸರಿನಲ್ಲಿ, ಮಾಹಿತಿ ಹಕ್ಕಿನಡಿ, 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪು ಅಂಟಿಸಿ. ನಿಯಮ 30 ದಿನ, ನಮಗೆ ಐದಾರು ವಾರ ಹಿಡಿಯಿತು. ಕನ್ನಡದ ಕಾಗದ ಬಂದ ದಿನ ಇಡೀ ಕ್ಲಾಸು ಅದನ್ನು ಕೈಯಿಂದ ಕೈಗೆ ದಾಟಿಸಿ ಓದಿತು. ಮುಂದಿನ ಬೇಸಿಗೆಗೆ ಕಾಂಕ್ರೀಟ್ ಸಂಕವೂ ಆಯಿತು.

ನಡುವೆ ಸುರಂಗದ ಹುಚ್ಚೂ ಹತ್ತಿತ್ತು. ಸುರಂಗ ಎಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಾವಿ. ಗುಡ್ಡದ ಸುರಂಗದ ಬಾಯಲ್ಲಿ ಮಕ್ಕಳು ವಾಚ್ ಹಿಡಿದು ನಿಂತು, ಒಂದು ಕೊಡ ತುಂಬಲು ಎಷ್ಟು ಹೊತ್ತೆಂದು ನೋಡುತ್ತಿದ್ದರು. ಡಿಸೆಂಬರಿನಲ್ಲಿ ಒಂದೂವರೆ ನಿಮಿಷ, ಎಪ್ರಿಲಿನಲ್ಲಿ ಹೆಚ್ಚುಕಡಿಮೆ 6. ಅರ್ಜಿಗೆ ಅಂಕೆ ಸೇರಿಸುವ ಅಭ್ಯಾಸ ಗಟ್ಟಿಯಾದದ್ದು ಅಲ್ಲೇ.

ಆ ಬ್ಯಾಚಿನಲ್ಲಿ ಕನ್ನಡಕ್ಕೆ ಎ ಪ್ಲಸ್ ಸಿಕ್ಕಿದ್ದು 19 ಅಥವಾ 20 ಮಕ್ಕಳಿಗೆ. ಅದಕ್ಕೆ ಮೊದಲು ನನ್ನ ಯಾವ ಬ್ಯಾಚೂ 12 ದಾಟಿರಲಿಲ್ಲ. ಪೋರ್ಶನ್ ಎಂದವರಿಗೆ ಈ ಲೆಕ್ಕ ತೋರಿಸಿದ್ದೇನೆ. ಈಗಿನ ಒಂಬತ್ತನೆಯವರು ಬಸ್ಸಿನ ಬೋರ್ಡಿನಲ್ಲಿ ಕನ್ನಡ ಕೇಳುತ್ತಿದ್ದಾರೆ. ಎರಡು ಅರ್ಜಿ ಹೋಗಿದೆ, ಮೂರನೆಯದು ಸೋಮವಾರ.