ಶೈಲಾಕ್‌ನ ಮೇಣದ ಮೂಗು ತೆಗೆದ ಮೇಲೆ

ನಮ್ಮ ಹವ್ಯಾಸಿ ತಂಡಕ್ಕೆ ಶೇಕ್ಸ್‌ಪಿಯರ್‌ನ 'ಮರ್ಚೆಂಟ್ ಆಫ್ ವೆನಿಸ್' ಆಡಿಸಲು ಹೊರಟಾಗ ನನ್ನ ಕಣ್ಣ ಮುಂದಿದ್ದ ಶೈಲಾಕ್, ಅಂದರೆ ಆ ನಾಟಕದ ಯಹೂದಿ, ಒಬ್ಬ ಬಡ್ಡಿ ಸಾಹುಕಾರ, ಅಷ್ಟೇ. ಸಾಲ ತೀರಿಸದ ವ್ಯಾಪಾರಿ ಅಂಟೋನಿಯೋನ ಮೈಯಿಂದ ಒಂದು ಪೌಂಡ್ ಮಾಂಸ ಕೇಳುವವನು. ಮೇಕಪ್ಪಿನವರು ಯಹೂದಿಗಳನ್ನು ಅಣಕಿಸಲು ಬಳಸುವಂಥ ಕೊಕ್ಕೆ ಮೂಗನ್ನು ಮೇಣದಲ್ಲಿ ಮಾಡಿ ಅಂಟಿಸಿದರು. ಚೆನ್ನಾಗಿದೆ ಅಂದೆ. ಮೊದಲ ಪ್ರದರ್ಶನದಲ್ಲಿ ಅವನು ರಂಗಕ್ಕೆ ಬರುತ್ತಲೇ ಜನ ನಕ್ಕರು. ಕೋರ್ಟಿನ ದೃಶ್ಯದಲ್ಲಿ, ಅವನು ಕ್ರೈಸ್ತನಾಗಬೇಕು ಅಂತ ಷರತ್ತು ಹಾಕಿದಾಗ ಚಪ್ಪಾಳೆ ಬಿತ್ತು. ಒಬ್ಬ ಮನುಷ್ಯನಿಂದ ಅವನ ದೇವರನ್ನು ಕಿತ್ತುಕೊಂಡದ್ದಕ್ಕೆ ಚಪ್ಪಾಳೆ! ಅದನ್ನು ಹೊಡೆಸಿದವನು ನಾನೇ ಅಲ್ವಾ?

ಆಮೇಲೆ ಓದಲು ಕೂತೆ. ವೆನಿಸ್‌ನಲ್ಲಿ 1516ರಿಂದ ಯಹೂದಿಗಳು ಘೆಟ್ಟೋ ಅನ್ನುವ ಪ್ರತ್ಯೇಕ ಕೇರಿಯಲ್ಲೇ ಇರಬೇಕಿತ್ತು. ರಾತ್ರಿ ಬಾಗಿಲಿಗೆ ಬೀಗ. ಹೊರಗೆ ಬಂದರೆ ಗುರುತಿನ ಬಣ್ಣದ ಟೋಪಿ. ಸಾಲ ಕೊಡುವುದು, ಹಳೇ ಬಟ್ಟೆ ಮಾರುವುದು, ಇಂಥ ಕೆಲವೇ ಕಸುಬುಗಳಿಗೆ ಬಿಟ್ಟು, ಬಡ್ಡಿ ತಿನ್ನುವವನು ಅಂತ ಬೈಯುವುದು ಬೇರೆ. 1943ರಲ್ಲಿ, ನಾಜಿಗಳ ಆಳ್ವಿಕೆಯಲ್ಲಿದ್ದ ವಿಯೆನ್ನಾದ ಬುರ್ಗ್‌ಥಿಯೇಟರ್ ಇದೇ ನಾಟಕ ಆಡಿಸಿತು. ನಟ ವೆರ್ನರ್ ಕ್ರೌಸ್ ಶೈಲಾಕ್‌ನನ್ನು ಹೇಸಿಗೆ ಹುಟ್ಟುವ ಹಾಗೆ ಮಾಡಿದ. ಅಷ್ಟು ಹೊತ್ತಿಗೆ ದೇಶ ಬಿಟ್ಟು ಹೋಗದೆ ಆ ಊರಲ್ಲಿ ಉಳಿದಿದ್ದ ಯಹೂದಿಗಳಲ್ಲಿ ಹೆಚ್ಚಿನವರನ್ನು ರೈಲು ಹತ್ತಿಸಿ ಸಾವಿಗೆ ಕಳಿಸಿಯಾಗಿತ್ತು. ಇದನ್ನು ಓದಿದ ದಿನವೇ ಮೂಗು ಬೇಡ ಅಂದೆ.

ತಂಡದಲ್ಲಿ ಜಗಳವಾಯಿತು. "ನಮ್ಮೂರಲ್ಲಿ ಯಹೂದಿಗಳೇ ಇಲ್ಲವಲ್ಲ, ನೋವಾಗುವುದು ಯಾರಿಗೆ?" ಅಂತ ಒಬ್ಬರು ಕೇಳಿದರು. ಶೇಕ್ಸ್‌ಪಿಯರ್‌ನ ಲಂಡನ್ನಿನಲ್ಲೂ ಅವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇದ್ದರು. ಇಂಗ್ಲೆಂಡ್ ಅವರನ್ನು 1290ರಲ್ಲೇ ಹೊರಹಾಕಿತ್ತು. ಕಣ್ಣಾರೆ ಕಾಣದವರ ಬಗ್ಗೆ ನಾಟಕ ತೋರಿಸಿದ್ದೇ ನಿಜವಾಗಿಬಿಡುತ್ತದೆ. ನಮ್ಮ ಪ್ರೇಕ್ಷಕರಿಗೂ ಅವರು ನೋಡುವ ಮೊದಲ ಯಹೂದಿ ಇವನೇ.

ಶೈಲಾಕ್‌ನನ್ನು ಸಾಧು ಮಾಡಲಿಲ್ಲ. ಚಾಕು ಮಸೆಯುವುದನ್ನು ಹಾಗೇ ಉಳಿಸಿಕೊಂಡೆ, ಆ ಸಿಟ್ಟು ಅವನದೇ. ಆದರೆ ಉಡುಪು ಉಳಿದ ವ್ಯಾಪಾರಿಗಳದ್ದೇ, ಟೋಪಿ ಮಾತ್ರ ಬೇರೆ. ಮೂಗಿನಲ್ಲಿ ಮಾತಾಡುವುದನ್ನು ಬಿಡಿಸಲು ನಟನಿಗೆ ಎರಡು ವಾರ ಬೇಕಾಯಿತು. ಅಂಟೋನಿಯೋ ತನ್ನ ಮೇಲೆ ಉಗಿದದ್ದನ್ನು ಅವನು ನೆನಪಿಸುವ ಮಾತನ್ನು ಮೊದಲು ಕತ್ತರಿಸಿದ್ದೆ. ಅದನ್ನು ವಾಪಸ್ ಸೇರಿಸಿದೆ, ನಿಧಾನವಾಗಿ ಹೇಳಿಸಿದೆ. ಮತಾಂತರದ ಷರತ್ತು ಬಂದಾಗ ಸಂಗೀತ ನಿಲ್ಲಿಸಿದೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು ಹೊರಡುತ್ತಾನೆ. ಬಾಗಿಲಿಗೆ ಹನ್ನೊಂದು ಹೆಜ್ಜೆ.

ಎರಡನೇ ಸಲ ಆಡಿದಾಗ ಆ ಹನ್ನೊಂದು ಹೆಜ್ಜೆಗೂ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಆದರೆ ಅದರ ಬೆನ್ನಿಗೇ ಬರುವ, ಉಂಗುರ ಬಿಟ್ಟುಕೊಟ್ಟ ಗಂಡಂದಿರನ್ನು ಹೆಂಡತಿಯರು ಗೋಳುಹೊಯ್ದುಕೊಳ್ಳುವ ತಮಾಷೆಗೂ ಜನ ಸರಿಯಾಗಿ ನಗಲಿಲ್ಲ. ಆ ಕೊನೇ ಅಂಕವನ್ನು ಹೇಗೆ ಆಡಿಸಬೇಕು ಅಂತ ಈಗಲೂ ಹುಡುಕುತ್ತಿದ್ದೇನೆ.