ಬಚ್ಚಲುಮನೆಯಲ್ಲಿ ಮಲಗುವ ಮರಿಗಾಗಿ ಮಾಡಿಕೊಂಡ ಏರ್ಪಾಡು

ಮಲೆನಾಡಿನ ಒಂಟಿಮನೆಗಳಲ್ಲಿ ನಾಯಿಮರಿ ತಂದವರಿಗೆ ಮೊದಲು ಎದುರಾಗುವುದು ಅದನ್ನು ರಾತ್ರಿ ಎಲ್ಲಿ ಮಲಗಿಸಬೇಕೆಂಬ ಪ್ರಶ್ನೆ. ಚಿರತೆ ಅಂಗಳದವರೆಗೂ ಬಂದು ನಾಯಿಯನ್ನು ಹೊತ್ತೊಯ್ಯುವುದು ನಮ್ಮ ಕಡೆ ಹೊಸ ಸುದ್ದಿಯಲ್ಲವಾದ್ದರಿಂದ ಜಗಲಿಯಲ್ಲಿ ಕಟ್ಟಿಹಾಕುವಂತಿಲ್ಲ. ಹಿರಿಯರಿರುವ ಮನೆಯಲ್ಲಿ ಅಡುಗೆಮನೆ, ದೇವರಮನೆಗಳ ಕಡೆ ಅದನ್ನು ಬಿಡುವಂತೆಯೂ ಇಲ್ಲ. ಹಾಗಾಗಿ ಉಳಿಯುವುದು ಬಚ್ಚಲುಮನೆ. ಸಾಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಅದು ಹಿತ್ತಿಲ ಬಾಗಿಲಿಗೆ ಹೊಂದಿಕೊಂಡಿರುವ ದೊಡ್ಡ ಕೋಣೆ. ಒಂದು ಮೂಲೆಯಲ್ಲಿ ಒಲೆ, ಅದರ ಮೇಲೆ ಹೂತಿಟ್ಟ ತಾಮ್ರದ ಹಂಡೆ, ಪಕ್ಕದಲ್ಲಿ ತಣ್ಣೀರಿನ ಸಿಮೆಂಟು ಬಾನಿ, ಆಚೆ ಬಟ್ಟೆ ಒಗೆಯುವ ಕಲ್ಲು. ಕೋಣೆ ಬೆಚ್ಚಗಿರುತ್ತದೆ, ಭದ್ರವಾದ ಬಾಗಿಲಿದೆ, ನೆಲ ತೊಳೆಯುವುದು ಸುಲಭ. ಆದರೆ ಎರಡು ತಿಂಗಳ ಮರಿಗೆ ಅಪಾಯ ತರಬಲ್ಲ ವಸ್ತುಗಳು ಅಲ್ಲಿರುವಷ್ಟು ಇಡೀ ಮನೆಯಲ್ಲಿ ಬೇರೆಲ್ಲೂ ಇರುವುದಿಲ್ಲ. ಆದ್ದರಿಂದ ನಮ್ಮ ಮರಿ ಕಾಳನನ್ನು ಮನೆಗೆ ತರುವ ಮೊದಲೇ ನಾನು ನೆಲದ ಮೇಲೆ ಕುಳಿತು, ಮರಿಯ ಕಣ್ಣಿನ ಎತ್ತರದಿಂದ ಆ ಕೋಣೆಯನ್ನೊಮ್ಮೆ ನೋಡಿಕೊಂಡೆ.

ಅತಿ ಹೆಚ್ಚು ಯೋಚನೆ ಬೇಡಿದ್ದು ಒಲೆ. ಮರಿಗಳು ಬಿಸುಪನ್ನು ಹುಡುಕಿಕೊಂಡು ಹೋಗುತ್ತವೆ. ಆರಿದಂತೆ ಕಾಣುವ ಬಚ್ಚಲೊಲೆಯ ಬೂದಿಯಲ್ಲಿ ಸುರುಳಿಯಾಗಿ ಮಲಗುವುದು ಅವುಗಳಿಗೆ ಬಹಳ ಇಷ್ಟ. ನಾವು ಉರಿಸುವುದು ಅಡಿಕೆ ಸಿಪ್ಪೆ, ತೆಂಗಿನ ಕರಟ, ಸೋಗೆಯ ತುಂಡುಗಳನ್ನು. ಸಿಪ್ಪೆಯ ಬೆಂಕಿ ಹೊರಗೆ ಬೂದಿಯಾಗಿ, ಒಳಗೆ ಗಂಟೆಗಟ್ಟಲೆ ಕೆಂಡವಾಗಿಯೇ ಇರುತ್ತದೆ. ಹಳೆಯ ಡ್ರಮ್ಮಿನ ತಗಡಿನಿಂದ ಒಲೆಯ ಬಾಯಿಗೆ ಸರಿಯಾಗಿ ಹೊಂದುವ ಬಾಗಿಲೊಂದನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ, ಹೊರಗಿನಿಂದ ಚಿಲಕ ಹಾಕಿಸಿದೆ. ಉರಿ ಇರುವಾಗ ತಗಡೂ ಸುಡುತ್ತದೆ. ಅದಕ್ಕಾಗಿ ಅದರ ಮುಂದೆ ಎರಡು ಸಾಲು ಇಟ್ಟಿಗೆ ಜೋಡಿಸಿ, ಮರಿಯ ಮೂತಿ ತಗಡಿಗೆ ತಾಗದಂತೆ ಅಂತರ ಮಾಡಿದೆ. "ನಾಯಿಗೋಸ್ಕರ ಒಲೆಗೂ ಬಾಗಿಲು ಹಾಕಬೇಕೇನೇ?" ಎಂದು ಅತ್ತೆಯವರು ನಕ್ಕರು. ಮಳೆಗಾಲದಲ್ಲಿ ಇಲಿಗಳೂ ಒಲೆಗೂಡಿಗೆ ಬರುವುದು ನಿಂತ ಮೇಲೆ ಅವರೇ ಆ ಚಿಲಕವನ್ನು ತಪ್ಪದೆ ಹಾಕತೊಡಗಿದರು.

ಬಾಗಿಲು ಹಾಕಿದ ಮಾತ್ರಕ್ಕೆ ಒಲೆಯ ಕೆಲಸ ಮುಗಿಯುವುದಿಲ್ಲ. ಕೆಂಡ ಉರಿಯುತ್ತಿರುವ ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ; ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮನುಷ್ಯರು ಸ್ನಾನ ಮುಗಿಸಿ ಹೊರಗೆ ಬರುತ್ತಾರೆ, ಮರಿ ಮಾತ್ರ ಇಡೀ ರಾತ್ರಿ ಅಲ್ಲಿಯೇ ಇರುತ್ತದೆ. ಹಾಗಾಗಿ ಸಂಜೆಯ ಸ್ನಾನವಾದ ಕೂಡಲೇ ಕೆಂಡವನ್ನು ಹೊರಗೆಳೆದು ನೀರು ಹಾಕಿ ಆರಿಸುವುದು, ಬೂದಿಯನ್ನು ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ಹಿತ್ತಿಲಿಗೆ ಸಾಗಿಸುವುದು, ಗವಾಕ್ಷಿಯನ್ನು ಸದಾ ತೆರೆದಿಡುವುದು ನಮ್ಮಲ್ಲಿ ಕಡ್ಡಾಯವಾಯಿತು. ಗವಾಕ್ಷಿಗೆ ಗಟ್ಟಿ ಸರಳುಗಳಿರುವುದರಿಂದ ಚಿರತೆಯ ಭಯವಿಲ್ಲ. ಒದ್ದೆಯಾದ ಬೂದಿ ಕ್ಷಾರವಾಗಿ ಮರಿಯ ಪಾದದ ಮೆತ್ತೆಯನ್ನು ಸುಡಬಲ್ಲದು ಎಂಬುದೂ ಅದನ್ನು ಒಳಗೆ ಉಳಿಸದಿರಲು ಇನ್ನೊಂದು ಕಾರಣ. ಒಲೆಯ ಪಕ್ಕದ ಕಟ್ಟಿಗೆ ರಾಶಿ ಕುಸಿದು ಬೀಳಬಹುದು, ಅದರೊಳಗೆ ಚೇಳೂ ಇರಬಹುದು. ಅದನ್ನು ಕೊಟ್ಟಿಗೆಯ ಪಕ್ಕಕ್ಕೆ ಸ್ಥಳಾಂತರಿಸಿದೆವು.

ನೀರಿನ ವಿಷಯದಲ್ಲಿ ಹಂಡೆಗಿಂತ ಬಕೆಟ್ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಹಂಡೆಯ ಬಾಯಿ ಎತ್ತರದಲ್ಲಿದ್ದು ಮರಿಗೆ ಎಟುಕುವುದಿಲ್ಲ. ಅರ್ಧ ತುಂಬಿದ ಬಕೆಟ್ಟಿಗೆ ಮಾತ್ರ ಅದು ಮುಂಗಾಲಿಟ್ಟು ಇಣುಕುತ್ತದೆ. ಮರಿಯ ದೇಹಕ್ಕೆ ತಲೆಯೇ ಭಾರ, ಪ್ಲಾಸ್ಟಿಕ್ಕಿನ ಗೋಡೆ ನುಣುಪು, ತಲೆಕೆಳಗಾಗಿ ಬಿದ್ದರೆ ಮೇಲೇಳಲು ಹಿಡಿತವೇ ಸಿಗುವುದಿಲ್ಲ. ಬಳಸಿದ ಬಕೆಟ್ಟನ್ನು ಬರಿದು ಮಾಡಿ ಮಗುಚಿಡುವ ಅಭ್ಯಾಸ ಮನೆಯ ಎಲ್ಲರಿಗೂ ಬರಬೇಕಾಯಿತು, ಅದರಲ್ಲೂ ಸ್ನಾನಕ್ಕೆಂದು ನೀರು ತೋಡಿಟ್ಟು ಫೋನಿನಲ್ಲಿ ಮಾತನಾಡುತ್ತ ಹೊರಗೆ ಹೋಗುವವರಿಗೆ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಹಾಕಬೇಕೆಂಬುದೂ ಆಗಲೇ ಬಂದ ನಿಯಮ. ಬಾನಿಯ ಕಟ್ಟೆ ಮೊಣಕಾಲಿನ ಎತ್ತರಕ್ಕಿದೆ. ಇಂದು ಹತ್ತಲಾಗದ ಮರಿ ಮುಂದಿನ ತಿಂಗಳು ಹತ್ತುತ್ತದೆ. ಅಡಿಕೆ ಮರ ಸೀಳಿದ ದಬ್ಬೆಗಳನ್ನು ಒತ್ತೊತ್ತಾಗಿ ಜೋಡಿಸಿ, ಹಗ್ಗದಿಂದ ಹೆಣೆದು, ಬಾನಿಗೆ ಭಾರವಾದ ಮುಚ್ಚಳ ಮಾಡಿಸಿದೆವು. ಮಳೆಗಾಲದಲ್ಲಿ ಕಟ್ಟಿಗೆ ಹಸಿಯಾದಾಗ ನೀರು ಕಾಯಿಸುವ ವಿದ್ಯುತ್ ರಾಡನ್ನು ಮರಿ ಇರುವ ಕೋಣೆಯಲ್ಲಿ ಬಳಸುವುದನ್ನು ಪೂರ್ತಿ ನಿಲ್ಲಿಸಿದ್ದೇವೆ; ಅದರ ಬಗ್ಗೆ ರಾಜಿಯೇ ಇಲ್ಲ.

ಪಟ್ಟಣದವರ ಬಚ್ಚಲಿನಲ್ಲಿ ಇಲ್ಲದ ತೊಂದರೆಯೊಂದು ನಮ್ಮ ಮೋರಿ. ನೀರು ಗೋಡೆಯ ಬುಡದ ಕಂಡಿಯಿಂದ ನೇರವಾಗಿ ಹೊರಗಿನ ಬಾಳೆಗಿಡಗಳ ಬುಡಕ್ಕೆ ಹರಿಯುತ್ತದೆ. ಮರಿಯ ತಲೆ ಹಿಡಿಸುವಷ್ಟು ಅಗಲದ ಆ ಕಂಡಿಯಿಂದ ಅದು ಹೊರಗೆ ನುಸುಳಬಹುದು. ಹೊರಗಿನಿಂದ ಕಪ್ಪೆ, ಅದರ ಬೆನ್ನಿಗೇ ಹಾವು ಒಳಗೆ ಬರಬಹುದು. ಕಾಲಿಂಚು ಕಂಡಿಯ ಸ್ಟೀಲ್ ಜಾಲರಿಗೆ ಚೌಕಟ್ಟು ಕಟ್ಟಿಸಿ, ತಿರುಗಣಿಯಿಟ್ಟು ಸಿಮೆಂಟಿನಲ್ಲಿ ಕೂರಿಸಿದೆ. ತಿರುಗಣಿ ಏಕೆಂದರೆ ಸೀಗೆಪುಡಿ ಮತ್ತು ತಲೆಗೂದಲು ಸೇರಿ ಜಾಲರಿ ದಿನಾ ಕಟ್ಟಿಕೊಳ್ಳುತ್ತದೆ; ತೆರೆದು ತೊಳೆಯಲು ಬಾರದ ಜಾಲರಿಯನ್ನು ಬೇಸತ್ತವರು ಯಾರಾದರೂ ಒಂದು ದಿನ ಕಿತ್ತೇ ಹಾಕುತ್ತಾರೆ. ಬಾಗಿಲ ಕೆಳಗಿನ ಸಂದಿಗೆ ಮರದ ಪಟ್ಟಿ ಹೊಡೆಸಿದ್ದು ಕೂಡ ಕಪ್ಪೆಗಳ ಕಾರಣಕ್ಕೇ. ಮೈತುಂಬ ಗಂಟುಗಳಿರುವ ನೆಲಗಪ್ಪೆಯ ಚರ್ಮದಿಂದ ವಿಷ ಒಸರುತ್ತದೆ. ಅದನ್ನು ಕಚ್ಚಿದ ಮರಿಯ ಬಾಯಲ್ಲಿ ನೊರೆ ಬರುತ್ತದೆ. ಆಗ ಮರಿಯ ತಲೆಯನ್ನು ಕೆಳಮುಖವಾಗಿ ಹಿಡಿದು, ನೀರು ಗಂಟಲಿಗೆ ಇಳಿಯದಂತೆ ಬಾಯಿಯನ್ನು ತೊಳೆದು, ಒದ್ದೆ ಬಟ್ಟೆಯಿಂದ ಒಸಡುಗಳನ್ನು ಒರೆಸಬೇಕು. ನಡುಕವೋ ವಾಂತಿಯೋ ಕಂಡರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಅಡಿಕೆ ಬೆಳೆಗಾರರ ಮನೆಯೆಂದ ಮೇಲೆ ಮೈಲುತುತ್ತದ (ತಾಮ್ರದ ಸಲ್ಫೇಟ್) ಮಾತು ಬಂದೇ ಬರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೇಕು. ಮಳೆಗಾಲದ ಹೊತ್ತಿಗೆ ಇವೆರಡರ ಚೀಲಗಳೂ, ಔಷಧಿ ಹೊಡೆದು ಬಂದವರ ನೀಲಿ ಕಲೆಯ ಬಟ್ಟೆಗಳೂ ಬಚ್ಚಲುಮನೆಯ ಮೂಲೆಯಲ್ಲಿ ಬಿದ್ದಿರುವುದು ಎಷ್ಟೋ ಮನೆಗಳಲ್ಲಿ ಸಾಮಾನ್ಯ ನೋಟ. ತಾಮ್ರದ ಆ ಹರಳು ಹೊಟ್ಟೆಗೆ ಹೋದರೆ ಜಠರವನ್ನೂ ಯಕೃತ್ತನ್ನೂ ಹಾಳುಮಾಡುತ್ತದೆ. ಸುಣ್ಣ ಕಣ್ಣಿಗೂ ಬಾಯಿಗೂ ಕೆಟ್ಟದ್ದು. ಚೀಲಗಳನ್ನು ಬೀಗವಿರುವ ಉಗ್ರಾಣಕ್ಕೆ ಸಾಗಿಸಿ, ಪಂಪು, ಬ್ಯಾರೆಲ್ಲು, ಬಟ್ಟೆಗಳನ್ನು ತೊಳೆಯಲು ಹಿತ್ತಿಲಾಚೆ ಬೇರೆಯೇ ನಲ್ಲಿ ಹಾಕಿಸಿದೆವು. ಈ ಎಲ್ಲ ಏರ್ಪಾಡಿನಲ್ಲಿ ಖರ್ಚು ಹೆಚ್ಚಾದದ್ದು ಆ ನಲ್ಲಿಗೇ. ಆದರೆ ಅದು ಮರಿ ಇಲ್ಲದಿದ್ದರೂ ಮಾಡಿಸಬೇಕಾಗಿದ್ದ ಕೆಲಸ.

ಉಳಿದ ಸಾಮಾನುಗಳ ವಿಷಯ ಸರಳ: ಸಾಬೂನು, ಬ್ಲೇಡು, ಶಾಂಪೂ ಪೊಟ್ಟಣ, ತೆಂಗಿನ ನಾರು, ಟೂತ್‌ಪೇಸ್ಟು ಎಲ್ಲವೂ ಎದೆಮಟ್ಟದ ಗೂಡಿಗೆ ಹೋದವು. ಸಾಬೂನು ಕಡಿಯುವ ಇಲಿಗಳಿಗೆಂದು ಇಡುತ್ತಿದ್ದ ಪಾಷಾಣದ ಬಿಲ್ಲೆಯನ್ನು ಮನೆಯಿಂದಲೇ ಹೊರಹಾಕಿ ಬೋನು ತಂದೆವು. ಆ ಜಾತಿಯ ಹೆಚ್ಚಿನ ಪಾಷಾಣಗಳು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ. ತಿಂದ ಮರಿ ಕೆಲವು ದಿನ ಆರೋಗ್ಯವಾಗಿಯೇ ಕಂಡು, ಆಮೇಲೆ ಒಳಗೊಳಗೇ ರಕ್ತಸ್ರಾವ ಶುರುವಾಗುತ್ತದೆ. ಮೋರಿಯ ವಾಸನೆಗೆ ಹಾಕುವ ನುಸಿಗುಳಿಗೆಯೂ ನಾಯಿಗೆ ವಿಷವೇ. ಪಾಯಿಖಾನೆಗೆ ಹಾಕುವ ಆಸಿಡ್ಡನ್ನು ಮರಿ ನೆಕ್ಕಿದರೆ ವಾಂತಿ ಮಾಡಿಸಬಾರದು, ಇಳಿಯುವಾಗ ಸುಟ್ಟದ್ದು ಹತ್ತುವಾಗಲೂ ಸುಡುತ್ತದೆ; ಬಾಟಲಿಯನ್ನು ಜೊತೆಗೇ ಹಿಡಿದು ವೈದ್ಯರನ್ನು ಕಾಣಬೇಕು.

ನೆಲ ತೊಳೆಯುವುದಕ್ಕೆ ನಾನು ಫಿನಾಯಿಲನ್ನು ಬಿಟ್ಟೆ. ಅದು ಪಾದದ ಚರ್ಮವನ್ನು ಕೆರಳಿಸುತ್ತದೆ, ಪಾದವನ್ನು ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮರಿಗಳನ್ನು ಕೊಲ್ಲುವ ಪಾರ್ವೊ ವೈರಾಣುವಿನ ಮೇಲೆ ಅದನ್ನು ನೆಚ್ಚುವಂತಿಲ್ಲ. ಪಾರ್ವೊ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲದು. ತೋಟದಿಂದ ಬಂದವರೆಲ್ಲ ಕಾಲು ತೊಳೆಯುವ ಜಾಗವೂ ನಮ್ಮ ಬಚ್ಚಲೇ. ಮರಿ ಬರುವ ಮೊದಲು ನೆಲವನ್ನು ಸಾಬೂನಿನಿಂದ ಉಜ್ಜಿ, 1 ಪಾಲು ದ್ರವ ಬ್ಲೀಚಿಗೆ 30 ಪಾಲು ನೀರು ಬೆರೆಸಿ ಹಾಕಿ, ಹತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆದು ಒಣಗಿಸಿದೆವು. ಬ್ಲೀಚನ್ನೂ ಆಸಿಡ್ಡನ್ನೂ ಎಂದೂ ಒಟ್ಟಿಗೆ ಬಳಸಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಲಸಿಕೆಗಳ ಸರಣಿ ಹದಿನಾರು ವಾರಗಳ ವಯಸ್ಸಿನವರೆಗೂ ಮುಂದುವರಿಯುವುದರಿಂದ, ಅಲ್ಲಿಯವರೆಗೆ ಕಾಲು ತೊಳೆಯುವ ಕೆಲಸವನ್ನು ಅಂಗಳದ ನಲ್ಲಿಗೆ ವರ್ಗಾಯಿಸಿದೆವು. ಜಂಬಿಟ್ಟಿಗೆ ಗೋಡೆಯ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿದ್ದು ಉಣುಗುಗಳು ಅಲ್ಲಿ ಮನೆಮಾಡದಿರಲೆಂದು.

ಮಲಗುವ ಜಾಗ ಒಲೆಯ ಎದುರು ಮೂಲೆಯಲ್ಲಿ, ನೀರು ಹರಿಯದ ಎತ್ತರದ ಹಲಗೆಯ ಮೇಲೆ: ಕೆಳಗೆ ಗೋಣಿಚೀಲ, ಮೇಲೆ ಹಳೆಯ ಕಂಬಳಿಯ ತುಂಡು. ಸ್ನಾನದ ಹೊತ್ತಿನಲ್ಲಿ ಮರಿಯನ್ನು ಹೊರಗಿರಿಸಲು ಬಾಗಿಲಿಗೆ ಅಡ್ಡವಾಗಿ ದಬ್ಬೆಯ ತಟ್ಟಿಯೊಂದನ್ನು ಮಾಡಿದ್ದೆವು. ನಾಲ್ಕು ತಿಂಗಳಾಗಿ ಹಾಲುಹಲ್ಲು ಬೀಳತೊಡಗಿದಾಗ ಕಾಳ ಅದನ್ನು ಕಡಿದು ಸಿಬಿರೆಬ್ಬಿಸಿದ. ಸಿಬಿರು ಒಸಡಿಗೆ ಚುಚ್ಚೀತೆಂದು ತಟ್ಟಿ ತೆಗೆದು ಕಬ್ಬಿಣದ ಜಾಲರಿಯ ಬಾಗಿಲು ಹಾಕಿಸಿ, ಅಗಿಯಲು ತಣ್ಣೀರಲ್ಲಿ ನೆನೆಸಿದ ಗಟ್ಟಿ ಹಗ್ಗದ ಗಂಟು ಕೊಟ್ಟೆವು, ನಾವು ಎದುರಿಗಿರುವಾಗ ಮಾತ್ರ. ನಾರು ಬಿಚ್ಚಿ ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ. ಈಗ ಅವನು ಬೆಳೆದ ನಾಯಿ. ಒಲೆಯ ಮುಂದಿನ ಇಟ್ಟಿಗೆಸಾಲನ್ನೂ ಆ ಜಾಲರಿ ಬಾಗಿಲನ್ನೂ ತೆಗೆದಿದ್ದೇವೆ. ಮೋರಿಯ ಜಾಲರಿ, ಬಾನಿಯ ಮುಚ್ಚಳ, ಸಂಜೆ ಕೆಂಡ ಎಳೆಯುವ ಪದ್ಧತಿ ಮತ್ತು ಉಗ್ರಾಣದ ಬೀಗ ಹಾಗೆಯೇ ಉಳಿದಿವೆ.